ಸೊನ್ನೆಯಿಂದ ಎಣಿಕೆ

ಫ್ರಿಜ್ಜಿನಲ್ಲಿ ನನ್ನದು ಕೊನೆಯ ಖಾನೆ.
ಮೇಲಿನದು ಒಲೆಸ್ಯಾಳದು: ಸಬ್ಬಸಿಗೆ, ಬೀಟ್‌ರೂಟು,
ಮುಚ್ಚಳದ ಮೇಲೆ ತಾರೀಕು ಬರೆದ ಡಬ್ಬಿಗಳು.
ಅದರ ಕೆಳಗೆ ಗಿವಿ. ಅವನ ಕೆಳಗೆ ತಿಮೋನ್,
ಫಿಲಾಸಫಿ ಓದುವ ಹುಡುಗ; ಅವನ ಒಂದೇ ಒಂದು ನಿಂಬೆಹಣ್ಣು
ಎರಡು ವಾರದಿಂದ ಕೂತಿದೆ, ಅವನ ಹಾಗೇ, ಯೋಚಿಸುತ್ತ.
ಕೊನೆಗೆ ನಾನು. ತೊಂದರೆಯಿಲ್ಲ.
ಇಪ್ಪತ್ತಮೂರು ವರ್ಷ ಎಲ್ಲರಿಗಿಂತ ಕೆಳಗೇ ಇದ್ದವನು.

ರಿಬ್ನಿಕ್ ಕಡೆಯ ನಮ್ಮ ಗಣಿ ಮುಚ್ಚಿ ಮೂರು ತಿಂಗಳಿಗೆ
ಕಾಗದ ಬಂತು: ಉಚಿತ ತರಬೇತಿ, ಕ್ರಾಕೋವ್,
ಹದಿನಾರು ವಾರ, ಪ್ರೋಗ್ರಾಮಿಂಗ್.
ನಲವತ್ತಾರಕ್ಕೆ ಅಕ್ಷರಾಭ್ಯಾಸ.
ಬೆಯಾತಾ ನಕ್ಕಳು: "ನೀನು ಒಂದು ಒತ್ತಿದ್ರೆ
ಮೂರು ಕೀ ಬೀಳ್ತಾವೆ, ಆ ಬೆರಳಿಗೆ."
ನಿಜ. ಬೀಳುತ್ತವೆ.

ಕಲಿಸುವವಳು ಮಿಲೆನಾ, ನನ್ನ ಮಗಳಿಗಿಂತ ಎರಡೇ ವರ್ಷ ದೊಡ್ಡವಳು.
"ಸೊನ್ನೆಯಿಂದ ಎಣಿಸಿ," ಅಂದಳು ಮೊದಲ ದಿನ.
"ಸಾಲಿನಲ್ಲಿ ಮೊದಲನೆಯದು ಒಂದಲ್ಲ, ಸೊನ್ನೆ."
ಬ್ಯಾಂಕು ಬಿಟ್ಟವರು, ಶಾಲೆ ಬಿಟ್ಟ ಮೇಷ್ಟ್ರು ತಲೆ ಕೆರೆದುಕೊಂಡರು.
ನನಗೆ ಅದೊಂದು ಥಟ್ಟನೆ ತಿಳಿಯಿತು:
ನಮಗೆ ನೆಲವೇ ಸೊನ್ನೆ. ಅಲ್ಲಿಂದ ಕೆಳಕ್ಕೆ ಲೆಕ್ಕ.

ಆಮೇಲಿನದು ಯಾವುದೂ ತಿಳಿಯಲಿಲ್ಲ.

ಈ ಮನೆಯ ಗೋಡೆಗಳು ರಟ್ಟು.
ಒಲೆಸ್ಯಾ ಖಾರ್ಕಿವ್‌ನ ಅಮ್ಮನೊಡನೆ ಫೋನಿನಲ್ಲಿ ಅಳುವುದು,
ಅಳು ನಿಲ್ಲಿಸಿ, ಮೂಗೊರೆಸಿ, ಸೌತೆಕಾಯಿಯ ಬೆಲೆ ಕೇಳುವುದು,
ತಿಮೋನನ ಗೊರಕೆ, ಬಟ್ಟೆ ಒಗೆಯುವಾಗ ಗಿವಿ ಗುನುಗುವ
ಅದೇ ಒಂದು ಸಾಲು, ಎಲ್ಲ ಗೊತ್ತು.
ಗೊತ್ತಿಲ್ಲದ್ದು ಅವರ ಮನೆತನದ ಹೆಸರು.
ಕಾರಿಡಾರಿನಲ್ಲಿ ಎದುರಾದರೆ ಗೋಡೆಗೆ ಸರಿದು
"ಸಾರಿ" ಅನ್ನುತ್ತೇವೆ.
ಅಲ್ಲಿ ಕೆಳಗೆ, ಮುಖ ಕಾಣದಿದ್ದರೂ
ದೀಪ ಕಂಡರೆ ಸಾಕು, "ದೇವರು ಕಾಯಲಿ" ಅನ್ನುತ್ತಿದ್ದೆವು.
ಒಮ್ಮೆ ಬಾಯಿತಪ್ಪಿ, ಬಚ್ಚಲ ಬಾಗಿಲಲ್ಲಿ,
ತಿಮೋನನಿಗೆ ಅಂದುಬಿಟ್ಟೆ.
ಟವೆಲು ಹಿಡಿದು ನಿಂತ ಹುಡುಗ
"ನಾನು ನಾಸ್ತಿಕ" ಅಂದ, ವಿನಯದಿಂದ.

ಫೆಬ್ರವರಿ. ಒಂಬತ್ತನೆಯ ವಾರ.
ನನ್ನ ಪ್ರೋಗ್ರಾಮು ಒಂದನ್ನು ಕಮ್ಮಿ ಎಣಿಸುತ್ತಿತ್ತು.
ನಾಲ್ಕು ಹೆಸರು ಕೊಟ್ಟರೆ ಮೂರು ಓದಿ
ಮುಗಿಯಿತು ಅನ್ನುತ್ತಿತ್ತು,
ಎಲ್ಲೂ ಒಂದು ಕೆಂಪು ಗೆರೆಯಿಲ್ಲದೆ.
ರಾತ್ರಿ ಒಂದು ಗಂಟೆ. ನೀರು ಕುಡಿಯಲು ಎದ್ದೆ.
ಬಾಗಿಲ ಬಳಿ ಬೂಟುಗಳು:
ಒಲೆಸ್ಯಾಳದು, ತಿಮೋನನದು, ನನ್ನದು.

ಗಣಿಗೆ ಇಳಿಯುವಾಗ ಬಿಲ್ಲೆ ಒಯ್ಯುತ್ತಿದ್ದೆವು, ಹಿತ್ತಾಳೆಯದು.
ನನ್ನದು ಸಾವಿರದ ನೂರ ಎಪ್ಪತ್ತಮೂರು.
ಹತ್ತಿ ಬಂದ ಮೇಲೆ ಅದರ ಮೊಳೆಗೆ ವಾಪಸು.
ಪಾಳಿ ಮುಗಿದೂ ಒಂದು ಮೊಳೆ ಬರಿದಾಗಿದ್ದರೆ
ಯಾರೂ ಮನೆಗೆ ಹೋಗುತ್ತಿರಲಿಲ್ಲ,
ಅವನು ಯಾರೆಂದು ಗೊತ್ತಿರಲಿ, ಬಿಡಲಿ.

ಗಿವಿಯ ಫೋನ್ ನಂಬರು ನನ್ನಲ್ಲಿಲ್ಲ.
ಬೇಕಾಗಿರಲಿಲ್ಲ. ಅವನ ಬೆಣ್ಣೆ ಅವನ ಖಾನೆಯಲ್ಲಿತ್ತು.
ಅಡುಗೆಮನೆಯ ಸ್ಟೂಲಿನಲ್ಲಿ ಕೂತೆ,
ಲ್ಯಾಪ್‌ಟಾಪು ನೆಪಕ್ಕೆ ತೆರೆದು.
ಸ್ವಲ್ಪ ಹೊತ್ತಿಗೆ ಒಲೆಸ್ಯಾ ಬಂದಳು, ಬೂಟುಗಳತ್ತ ನೋಡಿದಳು,
ಏನೂ ಕೇಳದೆ ಕೆಟಲ್ ಹಾಕಿದಳು.
ಅವಳೂ ಯಾವುದೋ ನೆಲಮಾಳಿಗೆಯಲ್ಲಿ
ಈ ಲೆಕ್ಕ ಕಲಿತಿರಬೇಕು.

ಎರಡೂ ಹತ್ತಕ್ಕೆ ಬೀಗದ ಸದ್ದು.
ಗಿವಿ. ಮೊಣಕಾಲು ತರಚಿದೆ. ಸೈಕಲ್ಲಿನ ಚಕ್ರ ಸೊಟ್ಟ.
ಟ್ರಾಮ್ ಹಳಿಗೆ ಸಿಕ್ಕಿ ಬಿದ್ದನಂತೆ,
ಸೂಪು ಚೆಲ್ಲಿತಂತೆ, ಗಿರಾಕಿ ಒಂದೇ ನಕ್ಷತ್ರ ಕೊಟ್ಟನಂತೆ.
"ನೀವ್ಯಾಕೆ ಎಚ್ಚರ?"
"ಹೋಂವರ್ಕು," ಅಂದೆ.
"ನಂದೂ," ಅಂದಳು ಒಲೆಸ್ಯಾ,
ದಿನವಿಡೀ ಕಂಡವರ ಉಗುರಿಗೆ ಬಣ್ಣ ಹಚ್ಚುವವಳು,
ಫ್ರಿಜ್ಜಿನಿಂದ ತಿಮೋನನ ನಿಂಬೆಹಣ್ಣು ತೆಗೆದು ಚಹಾಕ್ಕೆ ಕೊಯ್ಯುತ್ತ.

ಪ್ರೋಗ್ರಾಮು ಇನ್ನೂ ಮೂರೇ ಅನ್ನುತ್ತಿತ್ತು.
ಅನ್ನಲಿ. ಮಿಲೆನಾಳನ್ನು ಕೇಳಿದರಾಯಿತು.
ಗಿವಿಯ ಒದ್ದೆ ಬೂಟಿನೊಳಕ್ಕೆ ಹಳೇ ಪೇಪರು ತುರುಕಿ
ದೀಪ ಆರಿಸಿದೆ.

ಬೆಳಿಗ್ಗೆ ತೆರೆದ ಫ್ರಿಜ್ಜಿನ ಮುಂದೆ ತಿಮೋನ್:
"ಇಲ್ಲೊಂದು ನಿಂಬೆಹಣ್ಣಿತ್ತು."
ಮೂವರೂ ಗೋಡೆಗೆ ಸರಿದು
"ಸಾರಿ" ಅಂದೆವು.